ಹೊಳೆಯ ವಾಲೈಗೆ ಯಾವ ಜಿಗ್, ಯಾವ ದಾರ? ಡೆಟ್ರಾಯ್ಟ್ ಮತ್ತು ಮೌಮಿ ನದಿಗಳಿಗೊಂದು ಹೋಲಿಕೆ

ಮಾರ್ಚ್ ಬಂತೆಂದರೆ ಈರೀ ಸರೋವರದ ವಾಲೈ ಮೀನುಗಳು ಮೊಟ್ಟೆ ಇಡಲು ಹೊಳೆ ಏರುತ್ತವೆ. ಒಹಾಯೋದ ಮೌಮಿ ನದಿಯಲ್ಲಿ ಮಾರ್ಚ್, ಏಪ್ರಿಲ್ ಸುಗ್ಗಿ. ಮಿಶಿಗನ್‌ನ ಡೆಟ್ರಾಯ್ಟ್ ನದಿಯಲ್ಲಿ ಅದು ಏಪ್ರಿಲ್, ಮೇ ತನಕ ನಡೆಯುತ್ತದೆ. ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ ಮೊಟ್ಟೆ ಇಡುವ ಕೆಲಸ ಜೋರು. ಗಂಡು ಮೀನು ಮೊದಲು ಬಂದು ಕೊನೆಯವರೆಗೂ ಇರುತ್ತದೆ. ದೊಡ್ಡ ಹೆಣ್ಣು ಬಂದು, ಮೊಟ್ಟೆ ಇಟ್ಟು, ಬೇಗ ಸರೋವರಕ್ಕೆ ಮರಳುತ್ತದೆ.

ಡೆಟ್ರಾಯ್ಟ್, ಆನ್ ಆರ್ಬರ್, ಟೊಲೀಡೊ ಕಡೆ ನೆಲೆಸಿದ ಕನ್ನಡಿಗರಿಗೆ ಈ ಎರಡೂ ನದಿಗಳು ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರ. ಊರಲ್ಲಿ ಗಾಳ ಹಾಕಿ ಬಂದವರಿಗೆ ಎರೆಹುಳು, ಬೆಂಡು, ತಂಗೂಸಿ ದಾರ ಎಲ್ಲ ಗೊತ್ತು. ಆದರೆ ಇಲ್ಲಿನ ಅಂಗಡಿಗೆ ಕಾಲಿಟ್ಟರೆ ಗೋಡೆ ತುಂಬ ಜಿಗ್, ಅಂದರೆ ತೂಕದ ತಲೆ ಕೂಡಿಸಿದ ಗಾಳಗಳು, ನೇತಾಡುತ್ತಿರುತ್ತವೆ. ನೂರು ಬಣ್ಣ, ಹತ್ತು ತೂಕ, ಪಕ್ಕದ ಸಾಲಿನಲ್ಲಿ ಮೂರು ಜಾತಿಯ ದಾರ. ಕೈಗೆ ಸಿಕ್ಕಿದ್ದು ತಂದರೆ ದಿನವಿಡೀ ದೋಣಿಯಲ್ಲಿ ಕೂತರೂ ಜಿಗ್ ತಳ ಮುಟ್ಟುವುದಿಲ್ಲ. ವಾಲೈ ಇರುವುದು ತಳದಲ್ಲೇ ಅಲ್ವಾ?

ಹಾಗಾಗಿ ನನ್ನ ಸಲಹೆ ಇಷ್ಟೇ. ಜಿಗ್ ಮತ್ತು ದಾರವನ್ನು ಜೋಡಿಯಾಗಿ ಆರಿಸಿ. ಅದರಲ್ಲೂ ದಾರವನ್ನು ಮೊದಲು, ಜಿಗ್‌ನ ತೂಕವನ್ನು ಆಮೇಲೆ, ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ.

ದಾರ ಯಾಕೆ ಮೊದಲು

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಡೆಟ್ರಾಯ್ಟ್ ನದಿಯಲ್ಲಿ 25 ಅಡಿ ಆಳಕ್ಕೆ ಜಿಗ್ ಬಿಟ್ಟಿದ್ದೀರಿ. ಅಷ್ಟು ಆಳ ಅಲ್ಲಿ ತೀರಾ ಮಾಮೂಲು. ಅರ್ಧ ಔನ್ಸ್ ಸೀಸದ ಗುಂಡಿನ ಅಡ್ಡಳತೆ ಹೆಚ್ಚುಕಡಿಮೆ 13 ಮಿಲಿಮೀಟರ್. ಅಂದರೆ ನೀರಿನ ಸೆಳೆತಕ್ಕೆ ಎದುರಾಗುವ ಅದರ ಮೈ ಒಂದೂವರೆ ಚದರ ಸೆಂಟಿಮೀಟರ್ ಕೂಡ ಇಲ್ಲ. ಈಗ ದಾರ ನೋಡಿ. 10 ಪೌಂಡ್ ಎಳೆತ ತಾಳುವ ಮಾನೋ, ಅಂದರೆ ಒಂಟಿ ಎಳೆಯ ನೈಲಾನ್ ದಾರದ ದಪ್ಪ ಸುಮಾರು 0.28 ಮಿಲಿಮೀಟರ್. 25 ಅಡಿ ಉದ್ದಕ್ಕೆ ಅದರ ಮೈ 21 ಚದರ ಸೆಂಟಿಮೀಟರ್ ಆಗುತ್ತದೆ! ನೀರು ತಳ್ಳುವುದು ಜಿಗ್‌ಗಿಂತ ಎಷ್ಟೋ ಪಾಲು ಜಾಸ್ತಿ ದಾರವನ್ನೇ. ಅದೇ 10 ಪೌಂಡಿನ ಬ್ರೇಡ್, ಅಂದರೆ ಜಡೆ ಹೆಣೆದ ದಾರದ ದಪ್ಪ 0.15 ಮಿಲಿಮೀಟರ್ ಆಸುಪಾಸು. ತಳ್ಳುವ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಗಾಳಿಪಟಕ್ಕೆ ದಪ್ಪ ಹುರಿ ಕಟ್ಟಿದರೆ ಪಟಕ್ಕಿಂತ ಹುರಿಯೇ ಗಾಳಿಗೆ ಸಿಕ್ಕಿ ಹೊಟ್ಟೆ ಬಿಟ್ಟುಕೊಳ್ಳುತ್ತದಲ್ಲ, ನೀರಿನ ಒಳಗೂ ಅದೇ ಕಥೆ. ದಾರ ಬಿಲ್ಲಿನಂತೆ ಬಾಗಿದರೆ ಎರಡು ನಷ್ಟ. ಒಂದು, ಜಿಗ್ ಮೇಲಕ್ಕೆ ಏಳುತ್ತದೆ. ಇನ್ನೊಂದು, ಮೀನು ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ. ಚಳಿ ನೀರಿನ ವಾಲೈ ಎಳೆದು ಓಡುವುದು ಅಪರೂಪ. ಬಾಯಿ ತೆರೆದು ಜಿಗ್ಗನ್ನು ಒಳಗೆ ಹೀರಿ, ಇಷ್ಟವಾಗದಿದ್ದರೆ ಉಗಿದುಬಿಡುತ್ತದೆ. ಆ ಒಂದು ಕ್ಷಣದ 'ಟಿಕ್' ಕೈಗೆ ಬರಬೇಕಾದರೆ ದಾರ ನೆಟ್ಟಗೆ ಇರಬೇಕು.

ಇಲ್ಲಿ ಇನ್ನೊಂದು ಸಂಗತಿ ಇದೆ. ಹೊಳೆಯ ನೀರು ಮೇಲೆ ಓಡಿದಷ್ಟು ಜೋರಾಗಿ ತಳದಲ್ಲಿ ಓಡುವುದಿಲ್ಲ. ದೋಣಿ ಮೇಲಿನ ನೀರಿನ ಜೊತೆ ಸಾಗುತ್ತದೆ, ಜಿಗ್ ಮಾತ್ರ ತಳದ ನಿಧಾನ ನೀರಿನಲ್ಲಿ ಉಳಿಯುತ್ತದೆ. ಸಾಲದ್ದಕ್ಕೆ ಗಾಳಿ ಬೇರೆ. ಅದಕ್ಕೇ ಡೆಟ್ರಾಯ್ಟ್ ನದಿಯಲ್ಲಿ ಎಲ್ಲರೂ ದೋಣಿಯ ಮೂತಿಗೆ ವಿದ್ಯುತ್ ಟ್ರೋಲಿಂಗ್ ಮೋಟಾರ್ ಹಾಕಿಕೊಂಡು, ದಾರ ನೀರಿಗೆ ಇಳಿಯುವ ಕೋನವನ್ನೇ ನೋಡುತ್ತ ದೋಣಿಯನ್ನು ಅತ್ತಿತ್ತ ಸರಿಪಡಿಸುತ್ತಿರುತ್ತಾರೆ. ದಾರ ಸೊಟ್ಟಗಾದರೆ ದೋಣಿಯನ್ನು ಅದರ ಕಡೆಗೇ ಒಯ್ಯುವುದು, ಅಷ್ಟೇ. ಇದು ರೂಢಿಯಾದರೆ ಅರ್ಧ ವಿದ್ಯೆ ಕಲಿತಂತೆ.

ಮಾನೋ, ಫ್ಲೋರೋ, ಬ್ರೇಡ್

ಮಾನೋ ಅಂದರೆ ಒಂಟಿ ಎಳೆಯ ನೈಲಾನ್. ಡ್ಯೂಪಾಂಟ್ ಕಂಪನಿ 1938ರಲ್ಲಿ ನೈಲಾನನ್ನು ಲೋಕಕ್ಕೆ ಪರಿಚಯಿಸಿತು. ಗಾಳದ ದಾರವಾಗಿ ಅದು ಇವತ್ತಿಗೂ ಎಲ್ಲೆಲ್ಲೂ ನಡೆಯುತ್ತಿದೆ. ಅಗ್ಗ, ಗಂಟು ಚೆನ್ನಾಗಿ ಕೂರುತ್ತದೆ, ಸಿಕ್ಕಾದರೂ ಬಿಡಿಸಬಹುದು. ಆದರೆ ಹಿಗ್ಗುತ್ತದೆ. ಬಲವಾಗಿ ಎಳೆದರೆ ಉದ್ದದ ಕಾಲುಭಾಗದಷ್ಟು ಹಿಗ್ಗುವ ದಾರಗಳೂ ಇವೆ. ಮೀನು ಎಗರಾಡುವಾಗ ಈ ಹಿಗ್ಗು ಒಳ್ಳೆಯದೇ, ಬಾಯಿ ಹರಿದು ಗಾಳ ಕಳಚುವುದು ತಪ್ಪುತ್ತದೆ. ಆಳದಲ್ಲಿ ಕಚ್ಚಿದ್ದನ್ನು ತಿಳಿಯಬೇಕಾದಾಗ ಮಾತ್ರ ಅದೇ ಹಿಗ್ಗು ಅಡ್ಡ ಬರುತ್ತದೆ. ಬಿಸಿಲಿಗೆ ಸವೆಯುವುದರಿಂದ ವರ್ಷಕ್ಕೊಮ್ಮೆ ಬದಲಿಸಿ.

ಫ್ಲೋರೋಕಾರ್ಬನ್ ದಾರವನ್ನು ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಸೀಗಾರ್ ಹೆಸರಿನಲ್ಲಿ ತಂದಿತು. ನೀರು ಬೆಳಕನ್ನು ಬಗ್ಗಿಸುವ ಪ್ರಮಾಣ 1.33, ಫ್ಲೋರೋದ್ದು 1.42, ನೈಲಾನ್‌ದು 1.5ಕ್ಕೂ ಮೇಲೆ. ಅದಕ್ಕೇ ನೀರೊಳಗೆ ಫ್ಲೋರೋ ಕಣ್ಣಿಗೆ ಬೀಳುವುದು ಕಡಿಮೆ. ನೀರಿಗಿಂತ ಸಾಕಷ್ಟು ಭಾರ, ತಾನೇ ಮುಳುಗುತ್ತದೆ. ಕಲ್ಲಿಗೆ ಉಜ್ಜಿದರೂ ತಾಳುತ್ತದೆ. ಇಷ್ಟೆಲ್ಲ ಗುಣ ಇದ್ದರೂ ರೀಲ್ ಪೂರ್ತಿ ಫ್ಲೋರೋ ಸುತ್ತುವುದನ್ನು ನಾನು ಹೇಳುವುದಿಲ್ಲ. ಚಳಿಯಲ್ಲಿ ಅದು ಗಡುಸಾಗುತ್ತದೆ, ರೀಲ್‌ನಿಂದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಬೆಲೆಯೂ ಜಾಸ್ತಿ. ಅದರ ಜಾಗ ಲೀಡರ್‌ನಲ್ಲಿ, ಅಂದರೆ ಮುಖ್ಯ ದಾರಕ್ಕೂ ಜಿಗ್‌ಗೂ ನಡುವೆ ಕಟ್ಟುವ ತುಂಡು ದಾರದಲ್ಲಿ.

ಬ್ರೇಡ್ ಅಂದರೆ ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಬರುವ ತುಂಬ ಗಟ್ಟಿ ಪಾಲಿಎಥಿಲೀನ್ ಎಳೆಗಳನ್ನು ಜಡೆ ಹೆಣೆದ ದಾರ. ಹಿಗ್ಗು ಇಲ್ಲವೇ ಇಲ್ಲ ಅನ್ನಬಹುದು. 10 ಪೌಂಡ್ ಬ್ರೇಡ್ 2 ಪೌಂಡ್ ಮಾನೋದಷ್ಟೇ ತೆಳು. ತಳದ ಮರಳು ಯಾವುದು, ಜಲ್ಲಿ ಯಾವುದು ಅಂತ ಬೆರಳಿಗೇ ಗೊತ್ತಾಗುತ್ತದೆ. ನಾಲ್ಕು ಎಳೆಯದ್ದು ಒರಟು, ಆದರೆ ಉಜ್ಜಿಗೆ ಗಟ್ಟಿ. ಎಂಟು ಎಳೆಯದ್ದು ನುಣುಪು, ರಿಂಗ್‌ಗಳಲ್ಲಿ ಸದ್ದಿಲ್ಲದೆ ಓಡುತ್ತದೆ. ದೋಣಿಯಿಂದ ನೇರ ಕೆಳಗೆ ಬಿಡುವ ಕೆಲಸಕ್ಕೆ ನಾಲ್ಕು ಎಳೆಯದ್ದೇ ಸಾಕು.

ಬ್ರೇಡ್‌ಗೆ ಮೂರು ತೊಂದರೆ ಇವೆ, ಮೂರಕ್ಕೂ ದಾರಿ ಇದೆ. ಮೊದಲನೆಯದು ಐಸ್. ಅದು ನೀರು ಹೀರಿಕೊಂಡು ಬರುತ್ತದೆ. ಬೆಳಿಗ್ಗೆ ಸೊನ್ನೆಗಿಂತ ಕೆಳಗಿರುವಾಗ ರಾಡ್‌ನ ರಿಂಗ್‌ಗಳಲ್ಲಿ ಹೆಪ್ಪುಗಟ್ಟುತ್ತದೆ. ಅಂಥ ದಿನ ಬಿಸಿಲು ಏರುವ ತನಕ ಮಾನೋ ಸುತ್ತಿದ ಇನ್ನೊಂದು ರಾಡ್ ಕೈಗೆ ತಗೊಳ್ಳಿ. ಎರಡನೆಯದು, ನೀರಿನಲ್ಲಿ ಅದು ಕಾಣುತ್ತದೆ. ಅದಕ್ಕೆ ಲೀಡರ್. ಮೂರನೆಯದು, ಹಿಗ್ಗು ಇಲ್ಲದ್ದರಿಂದ ಜೋರಾಗಿ ಎಳೆದರೆ ಮೀನಿನ ಬಾಯಿ ಹರಿದು ಗಾಳ ಬಿಟ್ಟುಹೋಗುತ್ತದೆ. ರೀಲ್‌ನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ಸ್ವಲ್ಪ ಸಡಿಲ ಇಡಿ, ರಾಡ್ ಮೀಡಿಯಂ ಲೈಟ್ ಇರಲಿ. ಆರು, ಆರೂವರೆ ಅಡಿ ಉದ್ದ, ತುದಿ ಚುರುಕಾಗಿದ್ದರೆ ಸರಿ.

ಬ್ರೇಡ್‌ನ ಬಣ್ಣ ಯಾವುದು ಅಂತ ಕೇಳುತ್ತಾರೆ. ಎದ್ದು ಕಾಣುವ ಹಳದಿ ತಗೊಳ್ಳಿ. ಮೀನಿಗೆ ಲೀಡರ್ ಇದೆ, ನಿಮ್ಮ ಕಣ್ಣಿಗೆ ಈ ಹಳದಿ ಬೇಕು. ಜಿಗ್ ಇಳಿಯುವಾಗ ದಾರ ಥಟ್ಟನೆ ನಿಂತರೆ, ಪಕ್ಕಕ್ಕೆ ಚಿಮ್ಮಿದರೆ ಮೀನು ಹಿಡಿದಿದೆ ಎಂದು ಕಣ್ಣಿಗೆ ಮೊದಲು ಗೊತ್ತಾಗುತ್ತದೆ, ಕೈಗೆ ಆಮೇಲೆ.

ಲೀಡರ್ ಮತ್ತು ಸ್ವಿವೆಲ್

ಡೆಟ್ರಾಯ್ಟ್ ನದಿಯ ನೀರು ಯಾವಾಗಲೂ ಒಂದೇ ಥರ ಇರುವುದಿಲ್ಲ. ಮೇಲಿನ ಸೇಂಟ್ ಕ್ಲೇರ್ ಸರೋವರದಲ್ಲಿ ಗಾಳಿ ಎದ್ದರೆ ಬಗ್ಗಡ ನೀರು ಇಳಿದು ಬರುತ್ತದೆ. ಗಾಳಿ ತಣ್ಣಗಾದರೆ ತಿಳಿಯಾಗುತ್ತದೆ. 1988ರಲ್ಲಿ ಸೇಂಟ್ ಕ್ಲೇರ್‌ನಲ್ಲಿ ಜೀಬ್ರಾ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಪತ್ತೆಯಾಯಿತು. ಅದು ನೀರನ್ನು ಸೋಸಿ ಸೋಸಿ, ಈ ಸರೋವರ, ನದಿಗಳ ನೀರನ್ನು ಮೊದಲಿಗಿಂತ ತಿಳಿಯಾಗಿಸಿತು. ಜೊತೆಗೆ ತಳದ ಕಲ್ಲುಗಳ ಮೇಲೆ ಬ್ಲೇಡಿನಂಥ ಅಂಚುಗಳ ಹಾಸನ್ನೂ ಹರಡಿತು. ಹಾಗಾಗಿ ಫ್ಲೋರೋ ಲೀಡರ್‌ಗೆ ಇಲ್ಲಿ ಎರಡು ಕೆಲಸ. ಕಣ್ಣಿಗೆ ಬೀಳಬಾರದು, ಚಿಪ್ಪಿಗೆ ಉಜ್ಜಿದರೂ ತುಂಡಾಗಬಾರದು. 10 ಪೌಂಡಿನದು, ಎರಡರಿಂದ ಮೂರು ಅಡಿ. ಪ್ರತಿ ಸಲ ಸಿಕ್ಕಿಬಿದ್ದು ಬಿಡಿಸಿಕೊಂಡ ಮೇಲೆ ಜಿಗ್ ಹತ್ತಿರದ ಒಂದು ಅಡಿಯನ್ನು ಉಗುರಿನಲ್ಲಿ ಸವರಿ ನೋಡಿ. ಗೀರು ಸಿಕ್ಕರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಕಟ್ಟಿ.

ನೀರು ಪೂರ್ತಿ ಬಗ್ಗಡ ಇರುವಾಗ ಬ್ರೇಡನ್ನು ನೇರ ಜಿಗ್‌ಗೇ ಕಟ್ಟಬಹುದು ಅನ್ನುವವರಿದ್ದಾರೆ. ಮೀನು ಬೀಳುತ್ತದೆ, ಸುಳ್ಳಲ್ಲ. ಆದರೂ ಲೀಡರ್ ಬಿಡಬೇಡಿ. ಬ್ರೇಡ್ ತೀರಾ ಮೆತ್ತಗೆ. ಜಿಗ್ ಇಳಿಯುವಾಗ ಅದು ಸಡಿಲಾಗಿ ಗಾಳಕ್ಕೇ ಸುತ್ತಿಕೊಳ್ಳುತ್ತದೆ. ಫ್ಲೋರೋ ಸ್ವಲ್ಪ ಗಡುಸಾಗಿರುವುದರಿಂದ ದೂರ ನಿಲ್ಲುತ್ತದೆ. ಮತ್ತೆ, ತಳಕ್ಕೆ ಸಿಕ್ಕಿಕೊಂಡರೆ ಎಲ್ಲಿ ಕಡಿಯಬೇಕು ಅನ್ನುವುದು ನಮ್ಮ ಕೈಯಲ್ಲಿರಬೇಕು. ಲೀಡರ್ ಮುಖ್ಯ ದಾರಕ್ಕಿಂತ ದುರ್ಬಲ ಇದ್ದರೆ ಅಲ್ಲಿಂದಲೇ ಕಡಿಯುತ್ತದೆ, ಮೂವತ್ತು ಅಡಿ ಬ್ರೇಡ್ ಹೊಳೆಯ ಪಾಲಾಗುವುದಿಲ್ಲ. ಅದಕ್ಕೇ ಲೀಡರ್ 10 ಪೌಂಡ್ ಇದ್ದರೆ ಬ್ರೇಡ್ 15 ಪೌಂಡಿನದು ತಗೊಳ್ಳಿ. ಮೇಲೆ ಹೇಳಿದ 10 ಪೌಂಡ್ ಬ್ರೇಡೇ ಬೇಕಾದರೆ ಲೀಡರ್ 8ಕ್ಕೆ ಇಳಿಸಿ.

ಬ್ರೇಡನ್ನೂ ಲೀಡರನ್ನೂ ಸೇರಿಸಲು ಎರಡು ದಾರಿ. ಒಂದು ಗಂಟು, ಇನ್ನೊಂದು ಸ್ವಿವೆಲ್, ಅಂದರೆ ಎರಡೂ ತುದಿ ಬೇರೆ ಬೇರೆ ತಿರುಗುವ ಪುಟ್ಟ ಕೊಂಡಿ. ಡೆಟ್ರಾಯ್ಟ್ ನದಿಗೆ ನಾನು ಸ್ವಿವೆಲ್ ಕಡೆ. ದಿನವಿಡೀ ಜಿಗ್ಗನ್ನು ಇಳಿಸಿ ಏರಿಸುವಾಗ ಅದು ಬುಗುರಿಯಂತೆ ತಿರುಗುತ್ತಲೇ ಇರುತ್ತದೆ, ದಾರಕ್ಕೆ ಮುರಿ ಬೀಳುತ್ತದೆ. ಸಂಜೆ ಹೊತ್ತಿಗೆ ರೀಲ್‌ನಲ್ಲಿ ಗೋಜಲು. ಅಕ್ಕಿಕಾಳಿನ ಉದ್ದದ ಒಂದು ಸಣ್ಣ ಬ್ಯಾರೆಲ್ ಸ್ವಿವೆಲ್ ಇದ್ದರೆ ಆ ಮುರಿ ಅಲ್ಲೇ ಬಿಚ್ಚಿಹೋಗುತ್ತದೆ. ಸುತ್ತುವಾಗ ಅದು ರಾಡ್ ತುದಿಯ ರಿಂಗ್‌ಗೆ ಬಡಿಯದಂತೆ ನೋಡಿಕೊಂಡರಾಯಿತು. ದಡದಿಂದ ದೂರ ಎಸೆಯುವವರಿಗೆ, ಉದ್ದ ಲೀಡರ್ ಬೇಕೆನ್ನುವವರಿಗೆ ಸ್ವಿವೆಲ್ ಅಡ್ಡಿ. ಅವರು ಡಬಲ್ ಯೂನಿ ಗಂಟು ಹಾಕಲಿ.

ಡಬಲ್ ಯೂನಿ ಹೀಗೆ. ಎರಡೂ ದಾರದ ತುದಿಗಳನ್ನು ಎದುರುಬದುರು ತಂದು ಒಂದು ಗೇಣು ಒಂದರ ಮೇಲೊಂದು ಬರುವಂತೆ ಹಿಡಿಯಿರಿ. ಬ್ರೇಡ್ ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿ, ಆ ಕುಣಿಕೆಯೊಳಗಿಂದ ಎರಡೂ ದಾರಗಳ ಸುತ್ತ ಏಳೆಂಟು ಸುತ್ತು ಹಾಕಿ, ಮೆಲ್ಲಗೆ ಬಿಗಿಸಿ. ಆ ಕಡೆಯಿಂದ ಫ್ಲೋರೋ ತುದಿಗೂ ಅದೇ ಕೆಲಸ, ಆದರೆ ಐದು ಸುತ್ತು ಸಾಕು. ಬ್ರೇಡ್ ಜಾರುತ್ತದೆ, ಅದಕ್ಕೆ ಜಾಸ್ತಿ ಸುತ್ತು. ಈಗ ಎರಡೂ ಮುಖ್ಯ ದಾರಗಳನ್ನು ಎಳೆದರೆ ಎರಡು ಗಂಟುಗಳು ಜಾರಿಕೊಂಡು ಬಂದು ಒಂದಕ್ಕೊಂದು ಅಂಟಿ ಕೂರುತ್ತವೆ. ಬಿಗಿಸುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡುವುದನ್ನು ಮರೆಯಬೇಡಿ. ಒಣಗಂಟು ಬಿಗಿಯುವಾಗ ಬಿಸಿಯಾಗಿ ಫ್ಲೋರೋ ಸೊರಗುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ದಾರವಾದರೂ ಪ್ರಯೋಜನ ಇಲ್ಲ. ಎಫ್‌ಜಿ ಗಂಟು ಇದಕ್ಕಿಂತ ತೆಳುವಾಗಿ ಕೂರುತ್ತದೆ ನಿಜ. ಆದರೆ ಚಳಿಗೆ ಮರಗಟ್ಟಿದ ಬೆರಳಲ್ಲಿ ಅದನ್ನು ಹಾಕುವುದು ಕಷ್ಟ. ಮನೆಯಲ್ಲೇ ಹಾಕಿಕೊಂಡು ಬರುವುದಾದರೆ ಸರಿ.

ಜಿಗ್‌ಗೆ ಪಾಲೋಮಾರ್ ಗಂಟು. ಕಲಿಯಲು ಸುಲಭ, ಬಲವೂ ಚೆನ್ನಾಗಿದೆ. ಹೊಸ ಜಿಗ್‌ಗಳ ಕಣ್ಣಿನಲ್ಲಿ ಬಣ್ಣ ತುಂಬಿಕೊಂಡಿರುತ್ತದೆ. ಹಳೆ ಗಾಳದ ಮೊನೆಯಿಂದ ಚುಚ್ಚಿ ತೆಗೆಯಿರಿ. ಕಣ್ಣಿನ ಅಂಚಿನಲ್ಲಿ ಬಣ್ಣದ ಚೂರು ಉಳಿದರೆ ಅದೇ ದಾರ ಕೊಯ್ಯುತ್ತದೆ.

ಎಷ್ಟು ತೂಕ

ಇದೇ ಮುಖ್ಯ ಪ್ರಶ್ನೆ. ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ನೀರಿನ ಮೇಲೆ ಸಿಗುತ್ತದೆ. ತಳಕ್ಕೆ ಮುಟ್ಟಿಸಿ, ದಾರವನ್ನು ನೆಟ್ಟಗೆ ಇಟ್ಟುಕೊಳ್ಳಲು ಎಷ್ಟು ಬೇಕೋ ಅಷ್ಟು. ಅದಕ್ಕಿಂತ ಒಂದು ಗುಂಜಿಯೂ ಹೆಚ್ಚು ಬೇಡ. ಭಾರ ಜಾಸ್ತಿಯಾದಷ್ಟೂ ಮೀನು ಹೀರಿದಾಗ ಜಿಗ್ ಬಾಯೊಳಗೆ ಹೋಗುವುದು ಕಷ್ಟ. ಕಡಿಮೆಯಾದರೆ ಮೀನಿರುವ ಜಾಗಕ್ಕೇ ಹೋಗುವುದಿಲ್ಲ. ಎರಡರಲ್ಲಿ ಯಾವ ಕಡೆ ತಪ್ಪುವುದು ವಾಸಿ ಅಂದರೆ, ಹೊಳೆಯಲ್ಲಿ ಭಾರದ ಕಡೆ.

ಡೆಟ್ರಾಯ್ಟ್ ನದಿಗೆ 5/8 ಔನ್ಸ್, ಅಂದರೆ ಸುಮಾರು 18 ಗ್ರಾಂ, ಶುರು ಮಾಡಲು ಒಳ್ಳೆಯ ತೂಕ. ಆಳ, ಸೆಳೆತ ಅಥವಾ ಗಾಳಿ ಹೆಚ್ಚಿದ್ದರೆ 3/4, ಒಮ್ಮೊಮ್ಮೆ ಪೂರ್ತಿ 1 ಔನ್ಸ್. ದಡದ ಹತ್ತಿರ, ಸೆಳೆತ ಕಡಿಮೆ ಇರುವ ಕಡೆ 1/2 ಅಥವಾ 3/8. ಸರೋವರದಲ್ಲಿ 1/8 ಔನ್ಸ್‌ನಲ್ಲಿ ವಾಲೈ ಹಿಡಿದವರಿಗೆ ಇದು ಕಲ್ಲು ಕಟ್ಟಿದ ಹಾಗೆ ಅನ್ನಿಸುತ್ತದೆ. ಅಲ್ಲಿ ಹೋಗಿ ಬಿಟ್ಟು ನೋಡಿದಾಗಲೇ ಅರ್ಥವಾಗುವುದು. ಅದೇ ಮಿನೆಸೋಟಾದ ರೆಡ್ ವಿಂಗ್ ಬಳಿ ಮಿಸಿಸಿಪಿ ನದಿಯಲ್ಲಿ, ಅಣೆಕಟ್ಟೆಯ ಕೆಳಗೆ, ನೀರು ಇಳಿದಿರುವಾಗ 1/4 ಔನ್ಸ್ ಸಾಕಾಗುತ್ತದೆ. ನದಿಗೊಂದು ತೂಕ.

ಪರೀಕ್ಷೆ ಹೀಗೆ ಮಾಡಿ. ಜಿಗ್ ತಳಕ್ಕೆ ಬಿಡಿ, ದಾರ ಸಡಿಲವಾದಾಗ ತಳ ಮುಟ್ಟಿತು ಎಂದು ತಿಳಿಯುತ್ತದೆ. ರಾಡ್ ತುದಿಯಿಂದ ಅರ್ಧ ಅಡಿ ಎತ್ತಿ. ಮತ್ತೆ ಇಳಿಸಿ, ಆದರೆ ದಾರ ಸಡಿಲ ಬಿಡದೆ, ಬೀಳುವ ಜಿಗ್ಗನ್ನು ರಾಡ್ ತುದಿಯಲ್ಲೇ ಹಿಂಬಾಲಿಸಿ. ಪ್ರತಿ ಸಲ 'ಟಕ್' ಎಂದು ತಳ ಬಡಿದದ್ದು ಕೈಗೆ ಬರಬೇಕು. ಮೂರು ಸಲ ಎತ್ತಿ ಇಳಿಸುವಷ್ಟರಲ್ಲಿ ತಳ ಕಳೆದುಹೋದರೆ ತೂಕ ಒಂದು ಮೆಟ್ಟಿಲು ಏರಿಸಿ. ಮೀನು ಕಚ್ಚುವುದು ಹೆಚ್ಚಾಗಿ ಜಿಗ್ ಇಳಿಯುವಾಗ. ಮತ್ತೆ ಎತ್ತುವಾಗ ಸ್ವಲ್ಪ ಭಾರ, ಒದ್ದೆ ಬಟ್ಟೆ ಸಿಕ್ಕ ಹಾಗೆ. ಆಗ ಯೋಚನೆ ಬೇಡ, ಎಳೆಯಿರಿ.

ಸೀಸ ಮತ್ತು ಟಂಗ್‌ಸ್ಟನ್ ಬಗ್ಗೆ ಒಂದು ಮಾತು. ಸೀಸದ ಸಾಂದ್ರತೆ 11.3, ಶುದ್ಧ ಟಂಗ್‌ಸ್ಟನ್‌ದು 19ಕ್ಕೂ ಮೇಲೆ. ಅದೇ ತೂಕಕ್ಕೆ ಟಂಗ್‌ಸ್ಟನ್ ಜಿಗ್ ಸಣ್ಣದು, ಬೇಗ ಇಳಿಯುತ್ತದೆ, ತಳ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆದರೆ ಬೆಲೆ ಎಷ್ಟೋ ಪಾಲು. ತಳದಲ್ಲಿ ಜಿಗ್ ಕಳೆಯುವುದು ನಿತ್ಯದ ಕೆಲಸವಾದ ಹೊಳೆಯಲ್ಲಿ ಆ ದುಡ್ಡು ದಂಡ ಅಂತ ನನ್ನ ಅನಿಸಿಕೆ. ಆದರೆ ಸೀಸ ವಿಷ ಅನ್ನುವುದೂ ನಿಜ. ಲೂನ್ ಹಕ್ಕಿಗಳು ಅದನ್ನು ನುಂಗಿ ಸಾಯುತ್ತವೆ ಎಂದೇ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಒಂದು ಔನ್ಸ್‌ವರೆಗಿನ ಸೀಸದ ಜಿಗ್‌ಗಳನ್ನು ನಿಷೇಧಿಸಿದೆ. ಆ ಕಡೆ ಹೋಗುವವರು ಸೀಸ ಮನೆಯಲ್ಲೇ ಬಿಟ್ಟು ಹೋಗಿ. ಎಲ್ಲೇ ಆದರೂ ಸೀಸ ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ, ಮಕ್ಕಳು ಜೊತೆಗಿದ್ದರಂತೂ ನಿಗಾ ಇರಲಿ.

ತಲೆ, ಗಾಳ, ಬಾಲ

ಗುಂಡು ತಲೆಯ ಜಿಗ್ ಎಲ್ಲ ಕಡೆಗೂ ಸಲ್ಲುತ್ತದೆ. ಬುಲೆಟ್ ತಲೆ ನೀರನ್ನು ಸೀಳಿಕೊಂಡು ಇಳಿಯುತ್ತದೆ, ಡೆಟ್ರಾಯ್ಟ್ ಸೆಳೆತಕ್ಕೆ ಅದು ಒಂದು ಕೈ ಮೇಲು. ತಳದಲ್ಲಿ ಕುಳಿತಾಗ ಗಾಳ ಮೇಲಕ್ಕೆ ನಿಲ್ಲುವ ಸ್ಟ್ಯಾಂಡ್ ಅಪ್ ತಲೆಯೂ ಇದೆ. ಎಸೆದು ಎಳೆಯುವವರಿಗೆ ಅದು ಚೆನ್ನ, ನೇರ ಕೆಳಗೆ ಬಿಡುವವರಿಗೆ ಅದರಿಂದ ಲಾಭ ಕಡಿಮೆ. ಜಿಗ್‌ನ ಕಣ್ಣು ತಲೆಯ ನೆತ್ತಿಯಲ್ಲಿ, ಗಾಳಕ್ಕೆ ನೇರ ಲಂಬವಾಗಿ ಇರುವುದನ್ನೇ ನೋಡಿ ತಗೊಳ್ಳಿ. ಆಗ ಜಿಗ್ ನೀರಲ್ಲಿ ಅಡ್ಡಡ್ಡ, ಈಜುವ ಮೀನಿನ ಹಾಗೆ ತೂಗುತ್ತದೆ. ಕಣ್ಣು ಮೂತಿಯ ಕಡೆ ಇದ್ದರೆ ಬಾಲ ಜೋತುಬೀಳುತ್ತದೆ.

ಗಾಳದ ಉದ್ದ ಏನು ಪೋಣಿಸುತ್ತೀರಿ ಅನ್ನುವುದರ ಮೇಲೆ. ಜೀವಂತ ಮರಿಮೀನಿಗೆ ಗಿಡ್ಡ ಗಾಳ. ಪ್ಲಾಸ್ಟಿಕ್ ಎರೆಗೆ ಉದ್ದ ಗಾಳ, ಮೊನೆ ಆದಷ್ಟು ಹಿಂದೆ ಬರಬೇಕು. ಡೆಟ್ರಾಯ್ಟ್ ನದಿಯಲ್ಲಿ ಎಮರಾಲ್ಡ್ ಶೈನರ್ ಎಂಬ ಬೆಳ್ಳಿ ಮರಿಮೀನು ಹೆಚ್ಚು ನಡೆಯುತ್ತದೆ. ಬಾಯಿಯಿಂದ ಗಾಳ ಒಳಗೆ ಹಾಕಿ, ತಲೆಯ ಹಿಂದೆ ನೆತ್ತಿಯಿಂದ ಹೊರಗೆ ತೆಗೆದರೆ ಸೆಳೆತದಲ್ಲೂ ನಿಲ್ಲುತ್ತದೆ. ಬರೀ ತುಟಿಗೆ ಚುಚ್ಚಿದರೆ ನಾಲ್ಕು ಸಲ ಎತ್ತಿಳಿಸುವಷ್ಟರಲ್ಲಿ ಮಾಯ. ಅಲ್ಲಿನವರಿಗೆ ಪ್ರಿಯವಾದ ಇನ್ನೊಂದು ವಯಾಂಡಾಟ್ ವರ್ಮ್, ಉದ್ದನೆಯ ತೆಳು ಪ್ಲಾಸ್ಟಿಕ್ ಹುಳು. ನೀರು ತಣ್ಣಗಿರುವ ಶುರುವಿನ ದಿನಗಳಲ್ಲಿ ಮರಿಮೀನು, ಏಪ್ರಿಲ್ ನಡು ದಾಟಿ ನೀರು ಬೆಚ್ಚಗಾದಂತೆ ಪ್ಲಾಸ್ಟಿಕ್. ನಾನು ಆರಿಸುವುದು ಹೀಗೆ.

ಬಾಲ ಮಾತ್ರ ಕಿತ್ತುಕೊಂಡು ಹೋಗುವ ಮೀನುಗಳಿಗೆ ಸ್ಟಿಂಗರ್ ಇದೆ. ಜಿಗ್‌ನ ಹಿಂದೆ ಒಂದೆರಡು ಅಂಗುಲ ದಾರದಲ್ಲಿ ತೂಗುವ ಪುಟ್ಟ ಮೂರುಮುಳ್ಳಿನ ಗಾಳ. ಕಚ್ಚಿದ್ದು ತಿಳಿದರೂ ಮೀನು ಸಿಗದ ದಿನ ಮಾತ್ರ ಹಾಕಿ. ತಳದಲ್ಲಿ ಕಸ, ಕಲ್ಲು ಇದ್ದರೆ ಜಿಗ್‌ಗಿಂತ ಮೊದಲು ಅದೇ ಸಿಕ್ಕಿಕೊಳ್ಳುತ್ತದೆ.

ಬಣ್ಣ ಬೇಗ ಮುಗಿಸುತ್ತೇನೆ. ಬಗ್ಗಡ ನೀರಿಗೆ ಕಿತ್ತಳೆ, ಲಿಂಬೆ ಹಸಿರು. ತಿಳಿನೀರಿಗೆ ಬಿಳಿ, ನೇರಳೆ, ಬೆಳ್ಳಿ. ವಾಲೈ ಕಣ್ಣಿನ ಹಿಂಪದರದಲ್ಲಿ ಬೆಳಕನ್ನು ಮರಳಿ ಚಿಮ್ಮಿಸುವ ಪೊರೆ ಇದೆ, ಬೆಕ್ಕಿನ ಕಣ್ಣಲ್ಲಿ ಇರುವಂಥದ್ದೇ. ಮಬ್ಬಿನಲ್ಲೂ ಅದಕ್ಕೆ ಕಾಣುತ್ತದೆ. ನಾಲ್ಕು ಬಣ್ಣ ಇದ್ದರೆ ಸಾಕು. ಉಳಿದ ದುಡ್ಡಿಗೆ ಅದೇ ನಾಲ್ಕು ಬಣ್ಣವನ್ನು ಬೇರೆ ಬೇರೆ ತೂಕದಲ್ಲಿ ತಗೊಳ್ಳಿ.

ಡೆಟ್ರಾಯ್ಟ್, ಸೇಂಟ್ ಕ್ಲೇರ್ ನದಿಗಳಲ್ಲಿ ಹ್ಯಾಂಡ್‌ಲೈನಿಂಗ್ ಎಂಬ ಹಳೆಯ ಪದ್ಧತಿಯೂ ಇದೆ. ತಂತಿ ದಾರ, ಒಂದು ಪೌಂಡ್ ಅಥವಾ ಅದಕ್ಕೂ ಹೆಚ್ಚಿನ ಸೀಸ, ರಾಡ್ ಇಲ್ಲದೆ ಬರಿಗೈಯಲ್ಲಿ ಹಿಡಿದು, ಮೋಟಾರ್ ಹಾಕಿಕೊಂಡು ಸೆಳೆತದ ಎದುರು ಸಾಗುವುದು. ರಾತ್ರಿ ಹೊತ್ತು, ತೀರಾ ಬಗ್ಗಡ ನೀರಿನಲ್ಲಿ ಜಿಗ್‌ಗಿಂತ ಅದೇ ಒಳ್ಳೆಯದು. ಬಲ್ಲವರ ಜೊತೆ ಹೋಗಿ ಕಲಿಯಬೇಕಾದ ವಿದ್ಯೆ ಅದು.

ಮೌಮಿಗೆ ಬೇರೆ ಲೆಕ್ಕ

ಮೇಲೆ ಹೇಳಿದ್ದರಲ್ಲಿ ಅರ್ಧಕ್ಕರ್ಧ ಮೌಮಿಯಲ್ಲಿ ನಡೆಯುವುದಿಲ್ಲ. ಟೊಲೀಡೊ ಪಕ್ಕ, ಮೌಮಿ ಮತ್ತು ಪೆರಿಸ್‌ಬರ್ಗ್ ಊರುಗಳ ನಡುವೆ ಆ ನದಿ ಸುಣ್ಣಕಲ್ಲಿನ ಹಾಸಿನ ಮೇಲೆ ತೆಳ್ಳಗೆ ಹರಿಯುತ್ತದೆ. ಫೋರ್ಟ್ ಮೆಗ್ಸ್, ಸೈಡ್ ಕಟ್, ಬ್ಲೂಗ್ರಾಸ್ ಐಲೆಂಡ್ ಕಡೆ ಸೊಂಟದ ತನಕದ ವೇಡರ್ ಎಂಬ ನೀರುತಡೆ ಉಡುಪು ತೊಟ್ಟ ಜನ ಸಾಲಾಗಿ ನೀರಿನಲ್ಲೇ ನಿಂತು ಎಸೆಯುತ್ತಾರೆ. ದೋಣಿ ಇಲ್ಲ, ಆಳ ಇಲ್ಲ, ಕಲ್ಲು ಮಾತ್ರ ಧಾರಾಳ.

ಮೊದಲು ಕಾನೂನು. ಮಾರ್ಚ್ 1ರಿಂದ ಮೇ 1ರ ತನಕ ಅಲ್ಲಿ ಒಂಟಿ ಗಾಳ ಮಾತ್ರ. ಗಾಳದ ಕಾಂಡಕ್ಕೂ ಮೊನೆಗೂ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಇರಬಾರದು. ಹಾಗಾಗಿ ಸ್ಟಿಂಗರ್ ಇಲ್ಲ, ದೊಡ್ಡ ಗಾಳದ ಜಿಗ್‌ಗಳೂ ಇಲ್ಲ. ಅಳೆದು ನೋಡಿ ಡಬ್ಬಿಗೆ ಹಾಕಿಕೊಳ್ಳಿ. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಮೀನು ಹಿಡಿಯಬಹುದು. ಗಾಳ ಬಾಯಿಯ ಒಳಗೆ ಸಿಕ್ಕಿದ್ದರೆ ಮಾತ್ರ ಮೀನು ನಿಮ್ಮದು. ಹೊಟ್ಟೆಗೋ ರೆಕ್ಕೆಗೋ ಚುಚ್ಚಿದ್ದನ್ನು ಅಲ್ಲೇ ಬಿಡಬೇಕು.

ಇಲ್ಲಿ ಎರಡು ಬಗೆಯ ಕಟ್ಟು ಪೈಪೋಟಿ. ಒಂದು ತೇಲುವ ಜಿಗ್ ತಲೆಯ ಕ್ಯಾರೊಲೈನಾ ರಿಗ್. ಮುಖ್ಯ ದಾರದಲ್ಲಿ ಜಾರುವ ಮೊಟ್ಟೆಯಾಕಾರದ ಸೀಸ, ಅದರ ಕೆಳಗೆ ಸ್ವಿವೆಲ್, ಅಲ್ಲಿಂದ ಒಂದೂವರೆಯಿಂದ ಮೂರು ಅಡಿ ಲೀಡರ್, ತುದಿಯಲ್ಲಿ ಬೆಂಡಿನಂಥ ತೇಲುವ ತಲೆಯ ಗಾಳ, ಅದಕ್ಕೆ ಮೂರು ಅಂಗುಲದ ಟ್ವಿಸ್ಟರ್ ಎಂಬ ಸುರುಳಿ ಪ್ಲಾಸ್ಟಿಕ್ ಬಾಲ. ಸೀಸ ತಳದಲ್ಲಿ ಉರುಳುತ್ತದೆ, ಗಾಳ ಕಲ್ಲಿಗೆ ತಾಗದೆ ಮೇಲೆ ತೇಲುತ್ತದೆ. ಇನ್ನೊಂದು, 1/8 ಅಥವಾ 1/4 ಔನ್ಸ್ ಸೀಸದ ಜಿಗ್ಗನ್ನು ನೇರ ಲೀಡರ್‌ಗೆ ಕಟ್ಟಿ, ಸ್ವಲ್ಪ ಮೇಲ್ಹರಿವಿಗೆ ಎಸೆದು, ಸೆಳೆತದ ಜೊತೆ ತಳಕ್ಕೆ ತಾಗಿಸಿ ತಾಗಿಸಿ ಇಳಿಸುವುದು.

ನೀರು ಏರಿ ಜೋರಾಗಿ ಹರಿಯುವಾಗ ಮೊದಲನೆಯದೇ ದಾರಿ, ಸೀಸ 3/8ರಿಂದ 3/4 ಔನ್ಸ್. ನೀರು ಇಳಿದು ತಿಳಿಯಾದಾಗ ಬರೀ ಜಿಗ್ ಸಾಕು, ಮತ್ತು ನನ್ನ ಮನಸ್ಸು ಇರುವುದೂ ಅದರ ಕಡೆಗೇ. ಯಾಕೆಂದರೆ ಉದ್ದ ಲೀಡರ್ ಸೆಳೆತದಲ್ಲಿ ಅಡ್ಡ ಸಾಗುವಾಗ ಮೀನಿನ ಬಾಯಿಯ ಮೂಲಕ ದಾರ ಜಾರಿ, ಹೊರಗಿನಿಂದ ಗಾಳ ಚುಚ್ಚಿಕೊಳ್ಳುವುದು ಆಗುತ್ತದೆ. ಮೀನು ಕಚ್ಚಿಯೇ ಇರುವುದಿಲ್ಲ. ಅಂಥ ಮೀನು ಬಿಡಬೇಕು, ಬಿಟ್ಟರೂ ಅದಕ್ಕೆ ಗಾಯ. ಮೊಟ್ಟೆ ಹೊತ್ತ ಹೆಣ್ಣು ಮೀನಾದರೆ ಇನ್ನೂ ಬೇಸರ. ಕ್ಯಾರೊಲೈನಾ ಕಟ್ಟಿದರೂ ಲೀಡರ್ ಎರಡು ಅಡಿ ಒಳಗೆ ಇಡಿ.

ದಾರದ ಲೆಕ್ಕವೂ ಇಲ್ಲಿ ತಿರುಗುತ್ತದೆ. ಆಳ ಇಲ್ಲದ್ದರಿಂದ ಬ್ರೇಡ್‌ನ ತೆಳುತನದ ಲಾಭ ಕಡಿಮೆ. ಕಲ್ಲು ಬ್ರೇಡನ್ನು ಕೊಯ್ಯುತ್ತದೆ. ಪಕ್ಕದವರ ದಾರದ ಜೊತೆ ಸಿಕ್ಕಿಕೊಂಡರೆ ಬ್ರೇಡ್ ಬಿಡಿಸುವುದು ರಗಳೆ, ಮತ್ತು ಆ ಸಾಲಿನಲ್ಲಿ ಸಿಕ್ಕಿಕೊಳ್ಳದೆ ಇರುವುದಿಲ್ಲ. 10 ಪೌಂಡ್ ಮಾನೋ, ಅದಕ್ಕೆ 6 ಅಥವಾ 8 ಪೌಂಡ್ ಲೀಡರ್. ಸಿಕ್ಕಿಬಿದ್ದಾಗ ಲೀಡರ್ ಮಾತ್ರ ಹೋಗುತ್ತದೆ, ಸೀಸ ಉಳಿಯುತ್ತದೆ. ಹತ್ತು ಲೀಡರ್ ಮನೆಯಲ್ಲೇ ಕಟ್ಟಿ, ರಟ್ಟಿನ ತುಂಡಿಗೆ ಸುತ್ತಿಕೊಂಡು ಹೋಗಿ. ಸೊಂಟದ ಮಟ್ಟ ನೀರಲ್ಲಿ ನಿಂತು ಗಂಟು ಹಾಕುವ ಕಷ್ಟ ತಪ್ಪುತ್ತದೆ. ಕಡಿದ ದಾರ ನೀರಿಗೆ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ. ಹಕ್ಕಿಗಳ ಕಾಲಿಗೆ ಅದೇ ಉರುಳು.

ಒಂದೇ ರಾಡ್ ಇದ್ದರೆ

ಎರಡೂ ನದಿಗೆ ಹೋಗುತ್ತೀರಿ, ಕೊಳ್ಳುವುದು ಒಂದೇ ರಾಡ್ ಅಂದರೆ ಆರೂವರೆ ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಅಳತೆಯ ರೀಲ್. ರೀಲ್ ಜೊತೆ ದಾರ ಸುತ್ತುವ ಉರುಳೆ, ಅಂದರೆ ಸ್ಪೂಲ್, ಇನ್ನೊಂದು ತಗೊಂಡು ಒಂದಕ್ಕೆ 15 ಪೌಂಡ್ ಹಳದಿ ಬ್ರೇಡ್, ಇನ್ನೊಂದಕ್ಕೆ 10 ಪೌಂಡ್ ಮಾನೋ ಸುತ್ತಿ. ಸ್ಪೂಲ್ ಬದಲಿಸುವುದು ಒಂದು ನಿಮಿಷದ ಕೆಲಸ. ಬ್ರೇಡ್ ಸುತ್ತುವ ಮೊದಲು ತಳಕ್ಕೆ ಹತ್ತು ಸುತ್ತು ಮಾನೋ ಹಾಕಿ, ಇಲ್ಲವಾದರೆ ಬ್ರೇಡ್ ಪೂರ್ತಿ ಸ್ಪೂಲ್ ಮೇಲೆ ಜಾರುತ್ತದೆ. ಬ್ರೇಡ್ ಕತ್ತರಿಸಲು ಸಣ್ಣ ಕತ್ತರಿ ಇಟ್ಟುಕೊಳ್ಳಿ, ಹಲ್ಲಿಗೆ ಅದು ಬಗ್ಗುವುದಿಲ್ಲ.

ಮಿಶಿಗನ್ ಲೈಸೆನ್ಸ್ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರ ತನಕ. ಸುಗ್ಗಿಯ ನಡುವೆಯೇ ಹಳೆಯದು ಮುಗಿಯುತ್ತದೆ, ಮರೆಯಬೇಡಿ. ಡೆಟ್ರಾಯ್ಟ್ ನದಿಯ ಆಚೆ ಅರ್ಧ ಕೆನಡಾದ್ದು, ಆ ಕಡೆ ಗಾಳ ಹಾಕಲು ಒಂಟಾರಿಯೊ ಲೈಸೆನ್ಸ್ ಬೇಕು. ಮೌಮಿಗೆ ಒಹಾಯೋದ್ದು. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಅನ್ನುವುದನ್ನು ಆಯಾ ರಾಜ್ಯದ ಆ ವರ್ಷದ ಪಟ್ಟಿಯಲ್ಲಿ ನೋಡಿಕೊಳ್ಳಿ. ತಿನ್ನಲು ಒಯ್ಯುವವರು ಮಿಶಿಗನ್ ಆರೋಗ್ಯ ಇಲಾಖೆಯ ಈಟ್ ಸೇಫ್ ಫಿಶ್ ಸೂಚನೆಗಳನ್ನೂ ಓದಿ, ಪಾದರಸ ಮತ್ತು ಪಿಸಿಬಿ ಎಂಬ ಕೈಗಾರಿಕಾ ವಿಷದ ಕಾರಣಕ್ಕೆ ಎಷ್ಟು ತಿನ್ನಬಹುದು ಎಂದು ಅಲ್ಲಿ ಬರೆದಿರುತ್ತಾರೆ. ಸಣ್ಣ ಗಂಡು ಮೀನನ್ನೇ ಇಟ್ಟುಕೊಂಡು ದೊಡ್ಡ ಹೆಣ್ಣನ್ನು ಬಿಡಿ. ರವಾ ಫ್ರೈಗೆ ಸಣ್ಣದೇ ರುಚಿ.